ಬದಿಗೆ ಸರಿದು ಕಾಯುತ್ತಿದ್ದ ಹಮ್ಮಣ್ಣ ಭಾವ

ಶ್ರಾವಣಿ, ನಿಖಿಲ, ನಿಮ್ಮ ಹಮ್ಮಣ್ಣಜ್ಜ ನೆಟ್ಟಗೆ ನಡೆದದ್ದನ್ನು ನೀವು ಯಾವತ್ತಾದರೂ ನೋಡಿದ್ದೀರಾ? ನಾನು ಮದುವೆಯಾಗಿ ಈ ಊರಿಗೆ ಬಂದು ನಲವತ್ತು ವರ್ಷದ ಮೇಲಾಯಿತು, ಒಮ್ಮೆಯೂ ನೋಡಲಿಲ್ಲ. ಅವರು ಏಡಿಯ ಹಾಗೆ ಬದಿಗೆ ಬದಿಗೆ ಹೆಜ್ಜೆ ಹಾಕುತ್ತಿದ್ದರು. ಅಂಗಡಿಗೆ ಹೋಗುವಾಗಲೂ ಹಾಗೆಯೇ, ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಹೋಗುವಾಗಲೂ ಹಾಗೆಯೇ. ಎದೆ ಒಂದು ಕಡೆಗೆ, ಕಾಲು ಇನ್ನೊಂದು ಕಡೆಗೆ. ಶ್ರಾವಣಿ ಸಣ್ಣವಳಿದ್ದಾಗ ಅವರ ಹಿಂದೆ ಅದೇ ರೀತಿ ನಡೆದು ತೋರಿಸಿ ನನ್ನಿಂದ ಬೈಸಿಕೊಂಡಿದ್ದಳು. ಅವರು ಮಾತ್ರ ತಿರುಗಿ ನೋಡಿ, “ಎಡಗಾಲು ಇನ್ನೂ ಸಮಾ ಬೀಳ್ತಿಲ್ಲ ತಂಗಿ,” ಎಂದು ತಿದ್ದಿದ್ದರು.

ಆ ನಡಿಗೆ ಅವರಿಗೆ ಬಂದದ್ದು ಒಡ್ಡಿನಿಂದ. ನೀವು ಬೆಳೆದದ್ದು ತೋಡೂರಿನಲ್ಲಿ, ಹಾಗಾಗಿ ನಮ್ಮ ಗಜನಿ ಗದ್ದೆಯ ಸಂಗತಿ ನಿಮಗೆ ಅಷ್ಟು ತಿಳಿಯದು. ಗಂಗಾವಳಿ ಹೊಳೆ ಸಮುದ್ರ ಸೇರುವಲ್ಲಿ ಉಬ್ಬರ ಬಂದಾಗ ಉಪ್ಪುನೀರು ಒಳಗೆ ಹತ್ತುತ್ತದೆ. ಅದನ್ನು ತಡೆಯಲು ಗದ್ದೆಯ ಉದ್ದಕ್ಕೂ ಮಣ್ಣಿನ ಒಡ್ಡು. ಒಡ್ಡಿಗೆ ಏಡಿಗಳು ಬಿಲ ಕೊರೆಯುತ್ತವೆ. ಬೆರಳು ಹೋಗುವಷ್ಟು ಬಿಲ ಸಾಕು, ಅರ್ಧ ತಾಸಿನಲ್ಲಿ ಕೊಡಪಾನ ಹೋಗುವಷ್ಟಾಗುತ್ತದೆ. ದೊಡ್ಡ ಉಬ್ಬರದ ದಿನ ಮನೆಗೊಬ್ಬರಂತೆ ಗಂಡಸರು ಒಡ್ಡಿನ ಮೇಲೆ ಸಾಲಾಗಿ ನಿಲ್ಲುತ್ತಿದ್ದರು. ಒಬ್ಬೊಬ್ಬರಿಗೆ ಇಷ್ಟಿಷ್ಟು ಉದ್ದ ಎಂದು ಪಾಲು. ಒಂದು ಕಡೆ ನೀರು ನುಗ್ಗಿದರೆ ಹತ್ತಿರದವನು ಮಣ್ಣಿನ ಹೆಂಟೆ ಹಿಡಿದು ಅಲ್ಲಿಗೆ ಓಡುತ್ತಾನೆ. ಅವನು ಬಿಟ್ಟು ಹೋದ ಪಾಲಿಗೆ ಪಕ್ಕದವನು ಸರಿಯುತ್ತಾನೆ. ಆ ಪಕ್ಕದವನ ಪಾಲಿಗೆ ಅವನ ಪಕ್ಕದವನು. ಯಾರೂ ಯಾರಿಗೂ ಹೇಳುವುದಿಲ್ಲ, ಕೂಗುವುದಿಲ್ಲ. ಇದು ನಮ್ಮವರ ಪದ್ಧತಿ. ಹಮ್ಮಣ್ಣ ಭಾವ ಹನ್ನೆರಡನೇ ವಯಸ್ಸಿನಿಂದ ಆ ಒಡ್ಡಿನ ಮೇಲೆ ನಿಂತವರು. ಒಂದು ಕಣ್ಣು ಹೊಳೆಯ ಮೇಲೆ, ಒಂದು ಕಣ್ಣು ಗದ್ದೆಯ ಮೇಲೆ. ಹೀಗಿದ್ದ ಮೇಲೆ ನೆಟ್ಟಗೆ ನಡೆಯುವುದು ಹೇಗೆ?

ನಿಮ್ಮ ಅಜ್ಜನಿಗಿಂತ ಅವರು ಮೂರು ವರ್ಷ ದೊಡ್ಡವರು. ಬೇಲಿಯ ಆಚೆಗೇ ಮನೆ, ಆ ಬಳಕೆಯಲ್ಲೇ ನಾನು ಅವರನ್ನು ಭಾವ ಎನ್ನುತ್ತಿದ್ದೆ. ಇಬ್ಬರೂ ಊರಿನ ಫುಟ್ಬಾಲ್ ತಂಡದಲ್ಲಿದ್ದರು. ಕಗ್ಗ ಭತ್ತದ ಕೊಯ್ಲು ಮುಗಿದ ಗದ್ದೆಯೇ ಮೈದಾನ. ನಿಮ್ಮ ಅಜ್ಜ ಬಲಬದಿಯ ರಕ್ಷಣೆಗೆ, ಆದರೆ ಹಿಂದೆ ನಿಲ್ಲುವ ಜೀವವಲ್ಲ. ಚೆಂಡು ಸಿಕ್ಕಿದರೆ ಬದಿಯ ಗೆರೆ ಹಿಡಿದು ಎದುರು ತಂಡದ ಗೋಲಿನ ತನಕ ಓಡುವವರು. ಹಮ್ಮಣ್ಣ ಭಾವ ನಡುವಿನ ಆಟಗಾರ. ಅವರು ಗೋಲು ಹೊಡೆದದ್ದನ್ನು ಯಾರೂ ಕಂಡಿಲ್ಲ. ನಿಮ್ಮ ಅಜ್ಜ ಮುಂದೆ ಓಡಿದಾಗ ಬಲಬದಿ ಖಾಲಿಯಾಗುತ್ತದಲ್ಲ, ಅಲ್ಲಿಗೆ ಸರಿದು ನಿಲ್ಲುವುದು, ನಿಮ್ಮ ಅಜ್ಜ ತಿರುಗಿ ಬಂದ ಮೇಲೆ ನಡುವಿಗೆ ಮರಳುವುದು, ಇದೇ ಅವರ ಕೆಲಸ. ಕೇಳಿದವರಿಗೆ ಅವರು ಹೇಳುತ್ತಿದ್ದ ಮಾತು ಒಂದೇ: “ಚೆಂಡು ಇದ್ದಲ್ಲಿ ಊರೆಲ್ಲ ಇರ್ತದೆ ಮಾರಾಯಾ. ಚೆಂಡು ಬರೂ ಜಾಗದಲ್ಲಿ ಒಬ್ಬ ಬೇಡ್ವಾ?”

ಕಾರವಾರದಲ್ಲಿ ಕಪ್ಪಿಗಾಗಿ ನಡೆದ ಕೊನೆಯ ಪಂದ್ಯದ ಸುದ್ದಿ ನಿಮಗೆ ಅರ್ಧ ಗೊತ್ತು. ಆಗ ಹೆಂಗಸರು ಆಟ ನೋಡಲು ಹೋಗುತ್ತಿರಲಿಲ್ಲ, ನನಗೂ ತಿಳಿದದ್ದು ಕೇಳಿಯೇ. ಎದುರಿಗೆ ಹಣಕೋಣದ ತಂಡ. ನಮ್ಮವರಲ್ಲಿ ಒಬ್ಬನಿಗೆ ಜ್ವರ ಬಂದು, ಅವನ ಬದಲಿಗೆ ಅಂಕೋಲೆ ಪೇಟೆಯಿಂದ ಪಾಂಡುರಂಗ ಎಂಬ ಹುಡುಗನನ್ನು ಕರೆದುಕೊಂಡಿದ್ದರು. ಅವನ ಜಾಗ ನಡುವಿನಲ್ಲಿ, ಹಮ್ಮಣ್ಣ ಭಾವನ ಪಕ್ಕದಲ್ಲೇ. ಕೊನೆಯ ಗಳಿಗೆಯ ತನಕ ಎರಡೂ ತಂಡ ಸಮ. ಆಗ ನಿಮ್ಮ ಅಜ್ಜ ಚೆಂಡು ಹಿಡಿದು ಮುಂದೆ ಓಡಿದರು, ಅಲ್ಲಿ ಚೆಂಡು ಕಳೆದುಕೊಂಡರು, ಹಿಂದೆ ಬರಲಿಲ್ಲ. ಹಮ್ಮಣ್ಣ ಭಾವ ಬಲಬದಿಗೆ ಸರಿದರು. “ಧಾವ್ ರೇ, ಧಾವ್!” ಎಂದು ಹಣಕೋಣದವರು ಕೊಂಕಣಿಯಲ್ಲಿ ಓಡಲು ಹೇಳಿ ಕೂಗುತ್ತಿದ್ದಂತೆ ಅವರ ಹುಡುಗ ನಟ್ಟನಡುವಿನಿಂದ ಓಡಿ ಬಂದು ಗೋಲು ಹೊಡೆದ. ಹಮ್ಮಣ್ಣ ಭಾವ ಇರಬೇಕಾದ ಜಾಗದಿಂದಲೇ.

ಅಂದಿನಿಂದ ಅವರು ‘ಜಾಗ ಬಿಟ್ಟ ಹಮ್ಮಣ್ಣ’ ಆದರು. ಊರಿನವರು ದ್ವೇಷದಿಂದ ಹೇಳುತ್ತಿರಲಿಲ್ಲ, ನಗುತ್ತಲೇ ಹೇಳುತ್ತಿದ್ದರು. ಅವರೂ ನಗುತ್ತಿದ್ದರು. ಆದರೆ ಮತ್ತೆ ಚೆಂಡು ಮುಟ್ಟಲಿಲ್ಲ.

ನಿಮ್ಮ ಅಜ್ಜ ಆ ಬಗ್ಗೆ ಒಂದು ಮಾತೂ ಆಡಿದವರಲ್ಲ. ಇಬ್ಬರ ಸ್ನೇಹಕ್ಕೂ ಕುಂದಿರಲಿಲ್ಲ, ದಿನಾ ಬೆಳಿಗ್ಗೆ ಜಗಲಿಯಲ್ಲಿ ಒಟ್ಟಿಗೆ ಚಹಾ. ನಿಮ್ಮ ಅಜ್ಜನ ಕಾಯಿಲೆ ಬಲವಾದ ಮೇಲೆ, ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ, ಅವರು ನನ್ನ ಕೈ ತಡೆದು ಹೇಳಿದರು: “ಅಂದು ತಪ್ಪು ಹಮ್ಮಣ್ಣಂದಲ್ಲ. ನಾ ಹಿಂದೆ ಓಡಿ ಬರ್ಬೇಕಿತ್ತು, ದಮ್ಮು ಇತ್ತಿಲ್ಲ, ಅಲ್ಲೇ ನಿಂತೆ. ಊರು ಅವ್ನಿಗೆ ಅಂದದ್ದು ನಾ ಸುಮ್ನೆ ಕೇಳ್ದೆ. ನಂಗೆ ಬಾಯಿ ಬಂದಿಲ್ಲ. ನೀನಾದ್ರೂ ಅವ್ನಿಗೆ ಹೇಳು.” ನಾನು ಆಗಲಿ ಎಂದೆ.

ಆದರೆ ನನ್ನ ಸ್ವಭಾವ ನಿಮಗೆ ಗೊತ್ತು. ಏಳನೇ ಇಯತ್ತೆಯಲ್ಲಿ ಮಾಸ್ತರರು ಹೆಸರು ಕರೆದರೆ ‘ಹಾಜರ್’ ಎನ್ನಲೂ ನಾಚಿಕೆಪಟ್ಟವಳು ನಾನು. ಗಂಡಸರ ಮಾತಿನ ನಡುವೆ ಹೋಗಿ ಗಂಡನ ತಪ್ಪನ್ನು ಹೇಳುವುದು ಹೇಗೆ? ನಿಮ್ಮ ಅಜ್ಜ ತೀರಿಕೊಂಡ ಮೇಲೂ ಹಮ್ಮಣ್ಣ ಭಾವ ಬೆಳಿಗ್ಗೆ ಬಂದು, “ಹೆಂಗಿದ್ಯೆ ತಂಗಿ?” ಎಂದು ಕೇಳಿ ಚಹಾ ಕುಡಿದು ಹೋಗುತ್ತಿದ್ದರು. ದಿನವೂ ಇವತ್ತು ಹೇಳೋಣ ಎಂದು ಬಾಗಿಲ ತನಕ ಬರುತ್ತಿದ್ದೆ. ಲೋಟ ಇಟ್ಟು ಒಳಗೆ ಹೋಗುತ್ತಿದ್ದೆ. ಹೀಗೆಯೇ ಮೂರು ವರ್ಷ ಕಳೆಯಿತು. ಅವರಿಗೂ ಎಪ್ಪತ್ತು ದಾಟಿತು, ಉಸಿರು ಕಟ್ಟಲು ಶುರುವಾಯಿತು. ಹೇಳುವ ಮೊದಲೇ ಹೋದರೆ ಎಂಬ ಹೆದರಿಕೆ ನನಗೆ ಹತ್ತಿಕೊಂಡಿತು.

ಕಳೆದ ವರ್ಷ ಮೇ ತಿಂಗಳಲ್ಲಿ ನೀವಿಬ್ಬರೂ ಬಂದಿರಿ. ಶ್ರಾವಣಿ ಲ್ಯಾಪ್‌ಟಾಪ್ ಮೇಲೆ ಆ ಫುಟ್ಬಾಲ್ ತಂಡ ನಡೆಸುವ ಆಟ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಳು. ಚೆಂಡು ಒದೆಯುವುದು ಇಲ್ಲ, ಬರೀ ಯಾರು ಎಲ್ಲಿ ನಿಲ್ಲಬೇಕು, ಏನು ಮಾಡಬೇಕು ಎಂದು ಹೇಳಿ ಕೂರುವ ಆಟ. ಪರದೆಯ ಮೇಲೆ ಬಣ್ಣದ ಚುಕ್ಕಿಗಳು ಓಡಾಡುತ್ತಿದ್ದವು.

“ಅಜ್ಜ, ಇವಳು ಐದು ಪಂದ್ಯ ಸಾಲಾಗಿ ಸೋತಿದ್ದಾಳೆ. ಇನ್ನೊಂದು ಸೋತ್ರೆ ಆಟದೊಳಗೆ ಇವಳನ್ನ ಕೋಚ್ ಕೆಲಸದಿಂದ ತೆಗೀತಾರೆ,” ಎಂದ ನಿಖಿಲ.

“ನೀ ಸುಮ್ನಿರೋ, ಕೋಳಿ!” ಎಂದಳು ಶ್ರಾವಣಿ.

ಹಮ್ಮಣ್ಣ ಭಾವ ಕನ್ನಡಕ ಹಾಕಿಕೊಂಡು ಬಗ್ಗಿದರು. ಬಹಳ ಹೊತ್ತು ನೋಡಿದರು. “ಬದಿಯಲ್ಲಿ ಯಾರೂ ಇಲ್ವಲ್ಲೇ ಮಗಾ?”

“ಇದು ಹಾಗೇ ಅಜ್ಜ. ನಾಲ್ಕು ಜನ ನಡುವಿನಲ್ಲೇ ಒತ್ತೊತ್ತಾಗಿ. ಬದಿಗೆ ಹಿಂದಿನ ರಕ್ಷಣೆಯವರೇ ಓಡಿ ಬರ್ತಾರೆ.”

“ಎರಡೂ ಬದಿಯವ್ರು ಒಟ್ಟಿಗೇ ಓಡ್ತ್ರಾ? ಎರಡೂ ಕದ ತೆಗ್ದಿಟ್ಟು ನೆಂಟರ ಮನೆಗೆ ಹೋದಂಗೆ ಆಯ್ತು.”

ಅಂಗಳದಲ್ಲಿ ಒಣಗಲು ಹಾಕಿದ್ದ ಗೇರುಬೀಜ ಒಂದು ಮುಷ್ಟಿ ತಂದು ಜಗಲಿಯ ಮೇಲೆ ಸಾಲಿಟ್ಟರು. “ಇಂವ ಬಲಬದಿ. ಇಂವ ಮುಂದೆ ಹೋದ. ಈಗ ಈ ನಡುವಿನಂವ ಎಲ್ಲಿಗೆ ಹೋಗ್ಬೇಕು?”

“ಮುಂದಕ್ಕೆ. ಗೋಲು ಹೊಡೀಲಿಕ್ಕೆ,” ಎಂದ ನಿಖಿಲ.

“ನಿನ್ನ ತಲಿ! ಬದಿಗೆ ಸರೀಬೇಕು.” ಗೇರುಬೀಜವನ್ನು ಬೆರಳಿನಿಂದ ಅಡ್ಡಕ್ಕೆ ತಳ್ಳಿದರು. “ಗೆರೆಗೆ ಅಂಟ್ಕಂಡು ನಿಲ್ಲೂದಲ್ಲ. ಹೋಗಿ ಬಾಗಿಲು ಕಾಯೂದು, ಅಂವ ಬಂದ್ಮೇಲೆ ತಿರ್ಗಿ ನಡುವಿಗೆ ಬರೂದು. ಇಡೀ ಅಡ್ಡಗಲ ಇವ್ನದ್ದೇ.”

ಶ್ರಾವಣಿ ಆಟದೊಳಗಿನ ಪಟ್ಟಿ ತೆರೆದಳು. “ಅಜ್ಜ, ಇದೆ! ಇದೇ ಕೆಲಸಕ್ಕೆ ಇಲ್ಲಿ ಬೇರೆ ಹೆಸರೇ ಇದೆ. ಕರಿಲೇರೋ ಅಂತ. ಬದಿಗೆ ಸರಿದು ಕಾಯುವವನು. ನಾನು ಇವನಿಗೆ ಮುಂದೆ ಓಡುವ ಕೆಲಸ ಕೊಟ್ಟಿದ್ದೆ, ಅದಕ್ಕೇ ಹೀಗಾಯ್ತು.” ಅವಳು ಬದಲಿಸಿದಳು. ಚುಕ್ಕಿಗಳು ಮತ್ತೆ ಓಡಿದವು. ಆ ಹುಡುಗ ಬದಿಗೆ ಸರಿದ. ಆದರೂ ಗೋಲು ಬಿತ್ತು, ನಟ್ಟನಡುವಿನಿಂದ.

ನಿಖಿಲ ಚಪ್ಪಾಳೆ ತಟ್ಟಿ ನಕ್ಕ. ಹಮ್ಮಣ್ಣ ಭಾವ ನಗಲಿಲ್ಲ. ಪರದೆಯ ಮೇಲೆ ಬೆರಳಿಟ್ಟು ಹೇಳಿದರು: “ಇಂವ ಸರಿದದ್ದು ಸಮಾ ಅದೆ. ಇವ್ನ ಪಕ್ಕದಂವ ಎಂತಕ್ಕೆ ಮುಂದೆ ಹೋದ? ಒಬ್ಬ ಸರಿದ್ರೆ ಪಕ್ಕದಂವ ಒಂದು ಹೆಜ್ಜೆ ಸರಿದು ಆ ಜಾಗ ತುಂಬ್ಬೇಕು. ಇಲ್ದಿದ್ರೆ ಕಾಯೂಕೆ ಹೋದಂವ್ನೇ ಕಳ್ಳ ಆಗ್ತ.”

ಶ್ರಾವಣಿ ಪಕ್ಕದವನನ್ನು ಹಿಂದೆ ನಿಂತು ನಡುವನ್ನು ಕಾಯುವಂತೆ ಮಾಡಿದಳು. ಬಲಬದಿಯವನು ಓಡಲಿ, ಎಡಬದಿಯವನು ಮನೆಯಲ್ಲೇ ಇರಲಿ ಎಂದಳು. ಆಮೇಲೆ ಅವಳ ತಂಡದ ಮೇಲೆ ಗೋಲು ಬೀಳಲಿಲ್ಲ. ಕೊನೆಗೆ ಅವಳವರೂ ಒಂದು ಹೊಡೆದು ಪಂದ್ಯ ಸಮನಾಯಿತು, ಅವಳ ಕೆಲಸ ಉಳಿಯಿತು.

ಆಗ ಭಾವ ಮೆಲ್ಲಗೆ ಕೇಳಿದರು: “ಅಲ್ವೇ ಮಗಾ, ನಿನ್ನ ಈ ಆಟದಲ್ಲಿ ಬದಿಗೆ ಸರಿದಂವ್ನಿಗೆ, ಜಾಗ ಬಿಟ್ಟೆ ಅಂತ ಬೈತ್ರಾ?”

“ಇಲ್ಲ ಅಜ್ಜ! ಸರಿಯದೇ ನಿಂತ್ರೆ ಬೈಬೇಕು. ಅವನ ಕೆಲಸವೇ ಅದು.”

“ಹೌದಾ?” ಎಂದರು ಅವರು. ಮತ್ತೆ ಒಮ್ಮೆ, “ಹೌದಾ,” ಎಂದರು.

ನಾನು ಬಾಗಿಲ ಹಿಂದೆ ಮಾವಿನಕಾಯಿ ಹೆಚ್ಚುತ್ತಿದ್ದೆ. ಹೇಗೆ ಎದ್ದೆನೋ ಗೊತ್ತಿಲ್ಲ, ಜಗಲಿಗೆ ಬಂದು ನಿಂತಿದ್ದೆ. “ಭಾವ, ಇವ್ರು ಹೋಗೂ ಮೊದ್ಲು ಒಂದು ಮಾತು ಹೇಳಿದ್ರು. ಅಂದು ತಪ್ಪು ತಮ್ದು ಅಂತ. ಹಿಂದೆ ಓಡಿ ಬರ್ಬೇಕಿತ್ತು, ಬರ್ಲಿಲ್ಲ ಅಂತ. ನಿಮ್ಗೆ ಹೇಳು ಅಂದಿದ್ರು. ನಾ ಮೂರು ವರ್ಷ ಹೇಳ್ಲಿಲ್ಲ.”

ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿ, ನಿಮ್ಮ ಅಜ್ಜನ ಹೆಸರು ಹಿಡಿದೇ ಹೇಳಿದರು: “ಬೊಮ್ಮಯ್ಯ ಅದ್ನ ಹೊತ್ಕಂಡೇ ಹೋದ್ನಾ? ಛೇ, ಎಂತಾ ಮಾಡ್ದ ನೋಡು. ಅವ್ನಿಗೆ ‘ನೀ ಹೋಗು, ನಾ ಇಲ್ಲಿದ್ದೆ’ ಅಂದಂವ ನಾನೇ ಅಲ್ವೇ ತಂಗಿ. ಹೋಗು ಅಂದ್ಮೇಲೆ ಹೋದಂವ್ನ ತಪ್ಪು ಎಂತದು?”

“ಹಾಗಾದ್ರೆ ಯಾರ ತಪ್ಪು ಅಜ್ಜ? ಪಕ್ಕದಲ್ಲಿ ಇದ್ದವನದಾ?” ಎಂದು ನಿಖಿಲ ಕೇಳಿದ.

“ಪಾಂಡುರಂಗ ಪೇಟೆ ಹುಡ್ಗ ತಮಾ. ಒಡ್ಡು ಕಂಡಂವ ಅಲ್ಲ. ನಮ್ಮೂರಂವ ಆಗಿದ್ರೆ ಹೇಳ್ದೇ ಸರೀತಿದ್ದ. ಅವ್ನಿಗೆ ಹೇಳ್ಬೇಕು ಅಂತ ನಂಗೆ ಹೊಳೀಲೇ ಇಲ್ಲ. ಎಲ್ರಿಗೂ ಗೊತ್ತಿರ್ತದೆ ಅಂದ್ಕಂಡದ್ದೇ ನನ್ನ ತಪ್ಪು.” ಆಮೇಲೆ ನನ್ನ ಕಡೆ ತಿರುಗಿ, “ಚಹಾಕ್ಕೆ ಇಡು ತಂಗಿ, ಇಂದು ಎರಡು ಲೋಟ, ಬೊಮ್ಮಯ್ಯನ ಪಾಲೂ ಸೇರಿ,” ಎಂದರು.

ಆ ದಿನ ನನಗೆ ಆದಷ್ಟು ಹಗುರ ಎಂದೂ ಆಗಿರಲಿಲ್ಲ. ನೀವು ಇದ್ದ ಉಳಿದ ಹದಿನೈದು ದಿನವೂ ಅವರು ಬೆಳಿಗ್ಗೆ ಬಂದು, “ನಮ್ಮ ಹುಡ್ಗ ಸರಿದ್ನಾ?” ಎಂದು ಕೇಳುತ್ತಿದ್ದದ್ದು ನಿಮಗೆ ನೆನಪಿದೆ. ನೀವು ಹೋದ ಮೇಲೆ ನನ್ನ ಹತ್ತಿರ ಫೋನ್ ಮಾಡಿಸಿ ಕೇಳುತ್ತಿದ್ದರು. ಶ್ರಾವಣಿಯ ತಂಡ ಮೂರನೇ ಸ್ಥಾನಕ್ಕೆ ಬಂತೆಂದು ಅವರು ಅಂಗಡಿಯಲ್ಲಿ ಎಲ್ಲರಿಗೂ ಹೇಳಿದ್ದರು. ಯಾವ ತಂಡ, ಎಲ್ಲಿಯದು ಎಂದು ಕೇಳಿದವರಿಗೆ, “ನಮ್ದೇ,” ಎಂದರಂತೆ.

ಶ್ರಾವಣ ಬರುವ ಮೊದಲೇ ಅವರು ಹೋದರು, ಊಟ ಮಾಡಿ ಮಲಗಿದವರು ಏಳಲೇ ಇಲ್ಲ. ನಿಮಗೆ ಪರೀಕ್ಷೆ ಇತ್ತು, ಬರಲಾಗಲಿಲ್ಲ. ಹನ್ನೊಂದನೇ ದಿನ ಅವರ ಮನೆಯ ಅಂಗಳದಲ್ಲಿ ಊಟಕ್ಕೆ ಮೊದಲು ಹಳೆಯ ಆಟಗಾರರೆಲ್ಲ ಕೂತಿದ್ದರು. ಒಬ್ಬರು ಪ್ರೀತಿಯಿಂದಲೇ ಹೇಳಿದರು: “ಒಳ್ಳೆ ಮನುಷ್ಯ. ಅಂದೊಂದು ದಿನ ಜಾಗ ಬಿಡದೇ ಇದ್ದಿದ್ರೆ ಕಪ್ಪು ನಮ್ದೇ ಆಗ್ತಿತ್ತು.” ಎಲ್ಲರೂ ನಕ್ಕರು.

ನಾನು ಹೆಂಗಸರ ಬದಿಯಲ್ಲಿ ಬಾಳೆಲೆ ಒರೆಸುತ್ತಿದ್ದೆ. ಎದ್ದು ನಿಂತೆ. “ಭಾವ ಜಾಗ ಬಿಟ್ಟದ್ದಲ್ಲ. ಇವ್ರು ಮುಂದೆ ಓಡಿ ಹಿಂದೆ ಬರ್ಲಿಲ್ಲ. ಅವ್ರ ಜಾಗ ಕಾಯೂಕೆ ಭಾವ ಸರಿದದ್ದು. ಇವ್ರೇ ನಂಗೆ ಹೇಳಿ ಹೋಗಿದ್ರು,” ಎಂದೆ. ಪಾಂಡುರಂಗ ಅವರ ಹೆಸರನ್ನು ನಾನು ಎತ್ತಲಿಲ್ಲ; ಭಾವ ಇದ್ದಿದ್ದರೆ ಎತ್ತಲು ಬಿಡುತ್ತಿರಲಿಲ್ಲ.

ಮೂಲೆಯಲ್ಲಿ ಕೂತಿದ್ದ ಬಿಳಿ ತಲೆಯ ಒಬ್ಬರು ಕೈಯೂರಿ ಎದ್ದರು. ಅಂಕೋಲೆಯಿಂದ ಬಸ್ಸು ಹತ್ತಿ ಬಂದಿದ್ದ ಪಾಂಡುರಂಗ ಅವರೇ. “ಅಂವ ಬಿಟ್ಟ ಜಾಗಕ್ಕೆ ಸರೀಬೇಕಾಗಿದ್ದಂವ ನಾನು,” ಎಂದರು. “ನಂಗೆ ಅಂದು ಗೊತ್ತಾಗ್ಲಿಲ್ಲ. ಗೊತ್ತಾದ್ಮೇಲೆ ಹೇಳೂಕೆ ಧೈರ್ಯ ಬರ್ಲಿಲ್ಲ. ಹಮ್ಮಣ್ಣ ಒಂದಿನವೂ ನನ್ನ ಹೆಸ್ರು ಹೇಳ್ಲಿಲ್ಲ.” ಆಮೇಲೆ ಊಟ ಬಡಿಸಿದರು. ಆ ದಿನದ ಮೇಲೆ ಊರಿನಲ್ಲಿ ಆ ಅಡ್ಡಹೆಸರನ್ನು ನಾನು ಕೇಳಿಲ್ಲ.

ನಾನು ಬಾಯಲ್ಲಿ ಹೇಳಿದ್ದು ಅಷ್ಟೇ, ಒಂದೇ ಸಲ. ಅಲ್ಲಿದ್ದವರೆಲ್ಲ ಮುದುಕರು, ನಾನೂ ಮುದುಕಿ. ಅದಕ್ಕೇ ಬರೆದೆ. ನಮ್ಮ ಕಡೆಯ ಮಳೆಗಾಲಕ್ಕೆ ಕಾಗದ ಬೇಗ ಬೂಷ್ಟು ಹಿಡಿಯುತ್ತದೆ. ಈ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನಿಮ್ಮ ಮನೆಯ ಕಪಾಟಿನ ಮೇಲಿನ ಹಲಗೆಯಲ್ಲಿಡಿ, ವರ್ಷಕ್ಕೊಮ್ಮೆ ಬಿಸಿಲು ತೋರಿಸಿ.