ದೋಣಿ ಬರುವ ತನಕ ಮಂಗಳವಿಲ್ಲ

ಪ್ರೇಮವೆಂಬುದು ಕಲೆಯಲ್ಲಿ ಅರಳಿ ಭಕ್ತಿಯಲ್ಲಿ ಹಣ್ಣಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಗಂಗೊಳ್ಳಿಯ ನಮ್ಮ ಮನೆಯಲ್ಲಿ ಅದು ಬಂಗುಡೆ ಸಾರಿನಲ್ಲಿ ಬೇಯುತ್ತಿತ್ತು. ಅಪ್ಪಯ್ಯ, ಅಮ್ಮ ಪ್ರೀತಿಯ ಮಾತಾಡಿದ್ದನ್ನು ನಾನು ಕೇಳಿಲ್ಲ. ಉಪ್ಪು ಹೆಚ್ಚಾಯಿತೆಂಬ ಮಾತನ್ನು ಬೇಕಾದಷ್ಟು ಕೇಳಿದ್ದೇನೆ.

ಆದರೆ ಅಮ್ಮನದೊಂದು ಕ್ರಮವಿತ್ತು. ಅಪ್ಪಯ್ಯ ಕಡಲಿಗೆ ಹೋದ ದಿನ ಮುಸ್ಸಂಜೆ ಭಜನೆಗೆ ಕೂತರೆ, ದೋಣಿ ಬಂತೆಂಬ ಸುದ್ದಿ ಬರುವ ತನಕ ಮಂಗಳ ಹಾಡುತ್ತಿರಲಿಲ್ಲ. ಹಾಡಿದ್ದನ್ನೇ ಹಾಡುವಳು. ಗಂಟಲು ಕಟ್ಟಿದರೆ ತಾಳ ಹಿಡಿದು ಸುಮ್ಮನೆ ಕೂರುವಳು. ಮಂಗಳವಾಗದೆ ಊಟವಿಲ್ಲದ್ದರಿಂದ ಅಪ್ಪಯ್ಯನ ಕ್ಷೇಮಕ್ಕಾಗಿ ನಾವು ಮಕ್ಕಳು ಅವಳಿಗಿಂತ ಹೆಚ್ಚು ಶ್ರದ್ಧೆಯಿಂದ ಪ್ರಾರ್ಥಿಸುತ್ತಿದ್ದೆವು.

ಅಪ್ಪಯ್ಯ ತೀರಿಕೊಂಡು ವರ್ಷಗಳಾದ ಮೇಲೆ, ನನ್ನ ತಮ್ಮನ ಮಗಳು, ಕುಂದಾಪುರದಲ್ಲಿ ಪಿಟೀಲು ಕಲಿಸುವವಳು, ಇದನ್ನೇ ಇಟ್ಟುಕೊಂಡು ಒಂದು ಸಂಗೀತಕೃತಿ ಕಟ್ಟಿದಳು. ಎರಡು ಪಿಟೀಲು, ಪಿಟೀಲಿನ ದೊಡ್ಡಣ್ಣನಂಥ ಒಂದು ಚೆಲ್ಲೊ, ಒಂದು ಕೊಳಲು; ಹತ್ತಿರ ಕೂತು ಕೇಳುವಂಥದ್ದು. ಚೆಲ್ಲೊ ಬೈಂದೂರಿನಿಂದ ಬಸ್ಸಿನಲ್ಲಿ ಬಂತು. ಆಳೆತ್ತರದ ಆ ಪೆಟ್ಟಿಗೆಯನ್ನು ಕಂಡ ಕಂಡಕ್ಟರ್, ಒಳಗಿರುವವರು ಎಲ್ಲಿ ಇಳಿಯುತ್ತಾರೆಂದು ವಿಚಾರಿಸಿದನಂತೆ.

ಅಜ್ಜಿಯನ್ನು ಕರೆಯಲು ಮೊಮ್ಮಗಳು ಮನೆಗೆ ಬಂದಳು; ಹಾಡಿಲ್ಲ, ಬರೀ ವಾದ್ಯ ಎಂದಳು.

"ಅದ್ರಗೆ ಮಾತೇ ಇಲ್ಯಾ?" ಅಮ್ಮ ಕೇಳಿದಳು. "ಮಾತಿಲ್ದೆ ದೇವ್ರಿಗೆ ಎಂತ ತಿಳೀತ್ ಹೆಣೆ?"

"ದೇವ್ರಿಗಲ್ಲ ಅಜ್ಜಿ, ಅಜ್ಜಯ್ಯಂಗೆ."

"ಅವ್ರಿಗೆ ಮಾತಲ್ ಹೇಳ್ರೂ ತಿಳೀತಿರ್ಲಿಲ್ಲ. ಬತ್ತೆ. ಸರಿ ಕಾಣ್ದಿರೆ ಎದ್ದ್ ಹೋಪ್ದೇ."

ಹುಡುಗಿ ಹೊರಗೆ ಬಂದು ನನ್ನೊಡನೆ ಮೆಲ್ಲಗೆ ಅಂದಳು, "ದೊಡ್ಡಪ್ಪ, ಅಜ್ಜಿ ಎದ್ದ್ ಹೋರೆ ಇದನ್ನ ಮತ್ತೆ ನುಡಿಸುದಿಲ್ಲ." ಹಟದಲ್ಲಿ ಅವಳು ಅಜ್ಜಿಯ ಮೊಮ್ಮಗಳೇ.

ಕುಂದಾಪುರದ ಒಂದು ಶಾಲೆಯ ಸಭಾಂಗಣ. ನಾನು ಸೌಜನ್ಯಕ್ಕೆ ಕೇಳಲು ಕೂತವನು, ಬೇಗನೆ ಸೌಜನ್ಯ ಮರೆತೆ. ಪಿಟೀಲುಗಳು ಭಜನೆಯ ಧಾಟಿಯನ್ನು ಒಂದರ ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದವು. ಕೆಳಗೆ ಚೆಲ್ಲೊ, ಹೊಳೆ ಕಡಲು ಸೇರುವ ಅಳಿವೆಯ ನೀರಿನಂತೆ ಎಳೆಯುತ್ತಿತ್ತು. ಕೊಳಲಿನವನು ಕೊಳಲನ್ನು ತೊಡೆಯ ಮೇಲಿಟ್ಟು ಸುಮ್ಮನಿದ್ದ. ಧಾಟಿ ದಣಿಯಿತು, ತಡವರಿಸಿತು, ಎಲ್ಲವೂ ನಿಂತಿತು. ಗಂಟಲು ಕಟ್ಟಿದ ಅಮ್ಮನ ಮೌನವನ್ನು ತಾನು ಹುಟ್ಟುವ ಮೊದಲೇ ಕೇಳಿದವಳಂತೆ ಹಿಡಿದಿದ್ದಳು ಹುಡುಗಿ.

ಆದರೆ ನಮ್ಮದು ಭಜನೆಯಲ್ಲಿ ಪಳಗಿದ ಸೀಮೆ. ವಾದ್ಯ ನಿಂತಿತೆಂದರೆ ಆರತಿ, ಪ್ರಸಾದ. ಸಭೆ ಕೈಮುಗಿದು ಎದ್ದಿತು. ಹಿಂದೆ ಗೋಳಿಬಜೆಯ ಪರಿಮಳವೂ ಇತ್ತೆನ್ನಿ. ನನ್ನ ಕಾಲೂ ಚಪ್ಪಲಿ ಹುಡುಕುತ್ತಿತ್ತು. ಅಷ್ಟರಲ್ಲಿ ಮೊದಲ ಸಾಲಿನಲ್ಲಿ ಅಮ್ಮನೂ ಎದ್ದಳು. ಹುಡುಗಿಯ ಕಮಾನು ಗಾಳಿಯಲ್ಲೇ ನಿಂತಿತು.

ಅಮ್ಮ ಸಭೆಯ ಕಡೆ ತಿರುಗಿದಳು.

"ಹ್ವಾಯ್! ಎಲ್ಲಿಗ್ ಹೊರ್ಟ್ರಿ ಎಲ್ಲ? ಕೂಕಣಿ. ದೋಣಿ ಇನ್ನೂ ಬರ್ಲಿಲ್ಲ."

ಮೀನು ಮಾರುಕಟ್ಟೆಯಲ್ಲಿ ಹದಗೊಂಡ ದನಿ ಅದು; ಸಭೆಯ ಅಧ್ಯಕ್ಷರು ಎಲ್ಲರಿಗಿಂತ ಮೊದಲು ಕೂತರು. ಅಮ್ಮನೂ ಕೂತಳು, ತಾಳ ಹಿಡಿದಂತೆ ಬೆರಳು ಮಡಚಿಕೊಂಡು. ಆಮೇಲಿನ ಮೌನದಲ್ಲಿ ಯಾರೂ ಕೆಮ್ಮಲಿಲ್ಲ. ಆಗ ಕೊಳಲು ಬಂತು, ಬಹಳ ದೂರದಿಂದ. ಪಿಟೀಲುಗಳು ಒಂದೊಂದಾಗಿ ಅದರ ಜೊತೆ ಸೇರಿ ಮಂಗಳದ ಧಾಟಿ ಎತ್ತಿದವು. ಅಮ್ಮನ ತುಟಿ ಅಲ್ಲಾಡುತ್ತಿತ್ತು. ಅದರಲ್ಲಿ ಮಾತಿತ್ತು.

ಮುಂದಿನ ತಿಂಗಳು ಬ್ರಹ್ಮಾವರದಲ್ಲಿ ಅದನ್ನು ಮತ್ತೆ ನುಡಿಸಿದರು.