ಕೊಕ್ಕರೆಯ ಕಾಲಿನ ಗೆರೆ

ಅವನನ್ನು ಹೆಸರು ಹಿಡಿದು ಕರೆಯುವವರು ಊರಲ್ಲಿ ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಟಚಪ್ ಮಾಮ. ಬಸ್ ಸ್ಟ್ಯಾಂಡಿನ ಎದುರು ಎರಡು ಕೋಣೆಯ ಸ್ಟುಡಿಯೋ. ಮುಂದಿನದರಲ್ಲಿ ಹೆಂಡತಿಯ ಕೌಂಟರು. ಹಿಂದಿನದರಲ್ಲಿ ನೀಲಿ ಪರದೆ, ಎರಡು ದೀಪ, ಕೂತರೆ ಕಿರುಗುಟ್ಟುವ ಒಂದು ಸ್ಟೂಲು. ಮೂವತ್ತು ವರ್ಷ ಪಾಸ್‌ಪೋರ್ಟ್ ಸೈಜಿನ ಮುಖ ತೆಗೆದೂ ತೆಗೆದೂ ಅವನ ಕೈಗೆ ಒಂದು ಚಾಳಿ ಅಂಟಿತ್ತು. ಮೊಡವೆ, ಗಾಯದ ಕಲೆ, ಕೆನ್ನೆಗೆ ಬಿದ್ದ ಒಂಟಿ ಕೂದಲು, ಕಂಡದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಒರೆಸಿಬಿಡುವುದು. ಗಿರಾಕಿ ಕೇಳಲಿ, ಬಿಡಲಿ.

"ನಿಮ್ಮ ಕೈಗೆ ಸಿಕ್ಕಿದ್ರೆ ಚಂದ್ರನಿಗೂ ಕಲೆ ಇರಲ್ಲ ಬಿಡಿ," ಎಂದು ಹೆಂಡತಿ ನಗುತ್ತಿದ್ದಳು.

ಮಂಗಳವಾರ ಸ್ಟುಡಿಯೋಗೆ ರಜೆ. ಅಂದು ಬೆಳಗಾದರೆ ಸಾಕು, ಮಾಮ ಕ್ಯಾಮೆರಾ ಹೆಗಲಿಗೇರಿಸಿ ಊರಾಚೆಯ ವನ್ಯಧಾಮಕ್ಕೆ ಹೊರಡುತ್ತಿದ್ದ. ಅಲ್ಲಿನ ಕೆರೆಯ ನಡುವೆ ಒಂದು ಒಣಮರ, ಅದರ ತುಂಬ ಕೊಕ್ಕರೆಗಳು. ದಡದ ಅದೇ ಚಪ್ಪಡಿಯ ಮೇಲೆ ಕೂತು ಅದೇ ಮರವನ್ನು ವರ್ಷಪೂರ್ತಿ ತೆಗೆಯಬೇಕೆಂಬುದು ಅವನ ಹಟ. ಬೇಸಿಗೆಯಲ್ಲಿ ನೀರು ಇಂಗಿ ಮರದ ಬೇರೆಲ್ಲ ಕಾಣುತ್ತಿತ್ತು, ಮಳೆಗಾಲದಲ್ಲಿ ಅರ್ಧ ಮರ ಮುಳುಗುತ್ತಿತ್ತು, ಚಳಿ ಬಂತೆಂದರೆ ಮಂಜಿನಲ್ಲಿ ಮರವೇ ನಾಪತ್ತೆ. "ಗದ್ದ ಸ್ವಲ್ಪ ಮೇಲೆ... ಹಾಂ, ಅಲ್ಲಾಡ್ಬೇಡ," ಎಂದು ಹಕ್ಕಿಗೂ ಹೇಳುತ್ತಿದ್ದ. ಹಕ್ಕಿ ಮಾತು ಕೇಳುತ್ತಿರಲಿಲ್ಲ. ಗಿರಾಕಿಗಳೂ ಅಷ್ಟೇ ಅನ್ನಿ.

ಆ ವರ್ಷ ಮಳೆ ನಿಂತ ಮೇಲೆ ವನ್ಯಧಾಮದ ಕಚೇರಿಯವರು ಕ್ಯಾಲೆಂಡರಿಗೆಂದು ಅವನ ಹನ್ನೆರಡು ಫೋಟೋ ಕೇಳಿದರು. ಮಾಮನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅವನು ತೆಗೆದ ಮುಖಗಳೆಲ್ಲ ಅರ್ಜಿಗೆ ಅಂಟಿ ಫೈಲು ಸೇರಿದ್ದವು. ಗೋಡೆಗೆ ಏರುವ ಫೋಟೋ ಇದೇ ಮೊದಲು. ಆಯಾ ತಿಂಗಳೇ ಒರೆಸಿಟ್ಟಿದ್ದವುಗಳಲ್ಲಿ ತಿಂಗಳಿಗೊಂದು ಆರಿಸಿ, ಪ್ರಿಂಟು ಹಾಕಿಸಿಕೊಂಡು ಹೋದ.

ಕಚೇರಿಯಲ್ಲಿ ಗಾರ್ಡ್ ಸಿಕ್ಕಿದ. "ಮಾಮ, ಮರದ ಮೇಲಿನ ಆ ದೊಡ್ಡ ಕೊಕ್ಕರೆ ಒಂದು ಕಾಲು ಊರ್ತಾನೇ ಇಲ್ಲ. ಪ್ರಾಣಿ ಡಾಕ್ಟ್ರು ದುರ್ಬೀನಲ್ಲಿ ನೋಡಿದ್ರು, ಪಾದ ಊದಿದೆ ಅಂತಷ್ಟೇ ಗೊತ್ತಾಯ್ತು. ರೋಗ ಆಗಿದ್ರೆ ಮಿಕ್ಕವಕ್ಕೂ ಅಂಟುತ್ತಲ್ಲ ಅಂತ ಅವರಿಗೆ ಚಿಂತೆ. ನಿಮ್ಮ ಫೋಟೋದಲ್ಲಿ ಏನಾದ್ರೂ ಇದೆಯಾ?"

ಮಾಮ ಹನ್ನೆರಡನ್ನೂ ಮೇಜಿನ ಮೇಲೆ ಹರಡಿದ. ಕಾಲುಗಳು ನುಣ್ಣಗಿದ್ದವು. "ಏನೂ ಇಲ್ವಲ್ಲಪ್ಪ," ಎಂದ. ಎಂದ ಮೇಲೆ ನೆನಪಾಯಿತು. ಮಳೆಗಾಲದ ಮೊದಲ ಫೋಟೋದಲ್ಲಿ ಆ ಹಕ್ಕಿಯ ಕಾಲಿನ ಮೇಲೆ ಕೂದಲಿನಷ್ಟು ಸಣ್ಣ ಗೆರೆಯೊಂದಿತ್ತು. ಒರೆಸಿದ್ದ. ಮರುತಿಂಗಳೂ ಇತ್ತು, ಒರೆಸಿದ್ದ. ಮೂರನೇ ತಿಂಗಳು "ಹಾಳಾದ್ದು ಯಾವುದೋ ಹುಲ್ಲೆಳೆ" ಎಂದು ಬೈದುಕೊಂಡೇ ಒರೆಸಿದ್ದ.

ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಯಿ ಬಿಟ್ಟರೆ ಕ್ಯಾಲೆಂಡರು ಕೈತಪ್ಪುವುದು ಖಂಡಿತ. ಹಾಗೆಂದುಕೊಂಡು ಸುಮ್ಮನೆ ಮನೆಗೆ ಬಂದ. ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ. ಹೆಂಡತಿ ಕೆದಕಿ ಕೆದಕಿ ವಿಷಯ ಹೊರಡಿಸಿದಳು.

"ಒರೆಸೋಕೆ ಮುಂಚಿನ ಫೋಟೋಗಳು ಇದಾವೇನ್ರೀ?"

"ಇದಾವೆ."

"ಮತ್ತೆ ಇನ್ನೂ ಕೂತಿದ್ದೀರಲ್ಲ!"

ತಟ್ಟೆ ಬಿಟ್ಟು ಎದ್ದ. ಕಚೇರಿಯ ಕಂಪ್ಯೂಟರಿನಲ್ಲಿ ಡಾಕ್ಟರು ಮೂರು ತಿಂಗಳ ಕಾಲನ್ನೂ ದೊಡ್ಡದು ಮಾಡಿ ನೋಡಿದರು. ಮೀನಿನ ಗಾಳದ ನೈಲಾನ್ ದಾರ. ಮೊದಲ ತಿಂಗಳು ಸಡಿಲವಾಗಿತ್ತು. ಮೂರನೇ ತಿಂಗಳಿಗೆ ಮಾಂಸದೊಳಗೆ ಇಳಿದಿತ್ತು.

"ಆಗ್ಲೇ ಗೊತ್ತಾಗಿದ್ರೆ ಒಂದು ಕತ್ತರಿಯಲ್ಲಿ ಮುಗೀತಿತ್ತು," ಎಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಮಾಮನಿಗೆ.

ಬಲೆ ಹಾಕಿ ಹಿಡಿದರು. ಹಕ್ಕಿ ಉಳಿಯಿತು, ಕಾಲು ಉಳಿಯಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ; ಇಲ್ಲಿ ಮಾಡಿದವನು ಒಬ್ಬ, ಉಂಡದ್ದು ಇನ್ನೊಂದು. ಗಾಯ ಮಾಗಿದ ಮೇಲೆ ಅದನ್ನು ಕೆರೆಗೇ ಬಿಟ್ಟರು. ಆ ಮಂಗಳವಾರ ಮಾಮ ಚಪ್ಪಡಿಯ ಮೇಲೆ ಕೂತು ಒಂದೇ ಒಂದು ಫೋಟೋ ತೆಗೆದ. ಗದ್ದ ಎತ್ತು ಎನ್ನಲಿಲ್ಲ.

ಕ್ಯಾಲೆಂಡರೇನೂ ಕೈತಪ್ಪಲಿಲ್ಲ. ಕೊನೆಯ ತಿಂಗಳ ಹಾಳೆಗೆ ಮೊದಲು ಕೊಟ್ಟದ್ದನ್ನು ಮಾಮನೇ ವಾಪಸು ಪಡೆದು ಈ ಫೋಟೋ ಕೊಟ್ಟ. ಏನನ್ನೂ ಒರೆಸಿರಲಿಲ್ಲ. ಈಗ ಆ ಹಾಳೆ ಕೌಂಟರಿನ ಹಿಂದೆ ತೂಗುತ್ತದೆ. ಕೊಕ್ಕರೆ ಒಂಟಿಕಾಲಲ್ಲಿ ನಿಲ್ಲುವುದು ಎಲ್ಲರಿಗೂ ಗೊತ್ತಿದ್ದದ್ದೇ.

"ಏನ್ ಪೋಸ್ ಕೊಟ್ಟಿದೆ ಮಾಮ!" ಅನ್ನುತ್ತಾರೆ ಬಂದವರು.

"ಪೋಸಲ್ಲ ಅದು. ಇನ್ನೊಂದು ಕಾಲನ್ನ ನಾನು ಒರೆಸಿಬಿಟ್ಟೆ."

ಮಾಮನ ತಮಾಷೆ ಎಂದು ಅವರು ನಗುತ್ತಾರೆ. ಹೆಂಡತಿ ಮಾತ್ರ ತಲೆಯೆತ್ತದೆ ಫೋಟೋಗಳನ್ನು ಲಕೋಟೆಗೆ ತುಂಬುತ್ತಿರುತ್ತಾಳೆ.