ಸೀನಣ್ಣನ ಡ್ರೋನ್ ಹಾರಿಸಿದ್ದು

ಕಂಡಮೇಲೆ ತಿರುಗಿಸಿದ್ರೆ ಗುದ್ದುತ್ತೆ, ಕಾಣೋಕೆ ಮುಂಚೆ ತಿರುಗಿಸಿದ್ರೆ ಉಳಿಯುತ್ತೆ. ಏನದು? ನಿಮಗೆ ಹೇಳೋಕಾಗಲ್ಲ ಬಿಡಿ. ಫೋಟೋ ಸ್ಟುಡಿಯೋ ಸೀನಣ್ಣನ ಡ್ರೋನ್.

ದಟ್ಟಗಳ್ಳಿಯ ಗೃಹಪ್ರವೇಶದಲ್ಲಿ ಅದರ ರಿಮೋಟ್ ನನ್ನ ಕೈಗಿತ್ತು, "ಡ್ರೋನ್ ಬೀಳಿಸಿದ್ರೆ ನನ್ನ ಅಂಗಡಿ ಮುಚ್ಚಿದಂಗೆ ಕಣೋ" ಅಂತ ಹೇಳಿ ಊಟಕ್ಕೆ ಕೂತ. ರಿಮೋಟಿಗೆ ಸಿಕ್ಕಿಸಿದ ಮೊಬೈಲಿಗೆ ಡ್ರೋನ್ ಕಳಿಸೋ ಚಿತ್ರ ತಡವಾಗಿ ಬರುತ್ತಿತ್ತು. ತೆಂಗಿನಮರ ಕಂಡು ಎಡಕ್ಕೆ ಒತ್ತಿದೆ. ತಿರುಗಲಿಲ್ಲವಲ್ಲ ಅಂತ ಗಾಬರಿಯಲ್ಲಿ ಇನ್ನೂ ಒತ್ತಿದೆ. ಎರಡೂ ಒತ್ತು ಸೇರಿ ಡ್ರೋನ್ ಊಟದ ಪಂಕ್ತಿಗೇ ನುಗ್ಗಿತು.

"ಕಂಡಿದ್ದು ಆಗ್ಲೇ ಹಳೇದು ಕಣೋ, ಕೈ ಬುಡು!" ಸೀನಣ್ಣ ಸಾರನ್ನದ ಕೈಯೆತ್ತಿ ಅರಚಿದ.

ಬಿಟ್ಟೆ. ಡ್ರೋನ್ ಪಾಯಸದ ಬಕೆಟ್ ಮೇಲೆ ಗಾಳಿಯಲ್ಲೇ ಗಕ್ಕನೆ ನಿಂತಿತು. ಜನ ಚಪ್ಪಾಳೆ ತಟ್ಟಿದರು.

ಡ್ರೋನ್ ನಿಂತಿದ್ದು, ಜನ ಚಪ್ಪಾಳೆ ತಟ್ಟಿದ್ದು ಎರಡೂ ನಾನು ಕಟ್ಟಿದ ಸುಳ್ಳು. ನಿಜವಾಗಿ ಡ್ರೋನ್ ಪಂಕ್ತಿ ದಾಟಿ ಹೋಗಿ ಪಕ್ಕದ ಮನೆ ತಾರಸಿ ಮೇಲೆ ಬಿದ್ದಿದೆ. ಆ ಮನೆಯವರು ಬೀಗ ಹಾಕಿಕೊಂಡು ಕಾಶಿಗೆ ಹೋಗಿದ್ದಾರೆ.